ಗಗನಚುಕ್ಕಿಯ ಎದುರು ನಿಂತವಳು

ಟಾಕೀಸಿನೊಳಗೆ ಯಾರೋ ಅಳತೆ ಹಿಡಿಯುತ್ತಿದ್ದಾರೆ ಎಂದು ಪ್ರೊಜೆಕ್ಟರ್ ನೋಡಿಕೊಳ್ಳುವ ಬಾಬು ಜಾನ್ ಬಂದು ಹೇಳಿದಾಗ, ದೀಪಿಕ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮದ್ದೂರಿನ ಈ ಹಳೆಯ ಪಟ್ಟಲಮ್ಮ ಟಾಕೀಸನ್ನು ಕೊಂಡು ಕಲ್ಯಾಣ ಮಂಟಪ ಮಾಡುತ್ತೇವೆಂದು ಒಬ್ಬರಲ್ಲ ಒಬ್ಬರು ಬಂದು ಹೋಗುತ್ತಲೇ ಇದ್ದರು.

ಪರದೆಯ ಕೆಳಗೆ ಒಬ್ಬ ನಿಂತಿದ್ದ. ಕಿವಿಯ ಪಕ್ಕ ನರೆ, ಮಾಸಿದ ಜಾಕೆಟ್ಟು. ಕೈಯಲ್ಲಿದ್ದ ಪುಟ್ಟ ಯಂತ್ರದಿಂದ ಪರದೆಯ ಮೇಲೆ ಕೆಂಪು ಚುಕ್ಕೆ ಬಿಡುತ್ತಿದ್ದ.

"ಮಾರಲ್ಲ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮ್ಗೆ?" ಎಂದಳು.

ಅವನು ತಿರುಗಿದ. ನಿದ್ದೆಗೆಟ್ಟ ಕಣ್ಣುಗಳು ಮೊದಲು ಅವಳ ಮುಖದ ಮೇಲೆ, ಆಮೇಲೆ ಅವಳ ಬರಿಗಾಲುಗಳ ಮೇಲೆ ನಿಂತವು. ಸಿಟ್ಟಿನ ಭರದಲ್ಲಿ ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದಳು.

"ಕೊಳ್ಳೋಕೆ ಬಂದವನಲ್ಲ ನಾನು. ಬೆಳಿಗ್ಗೆ ಹೊತ್ತು ಇಲ್ಲಿ ಕೂತು ನೋಡೋಕೆ ಬಿಟ್ರೆ ಸಾಕು," ಎಂದ.

ಅವನ ಹೆಸರು ಸ್ವರೂಪ್. ಅಪ್ಪ ಗಗನಚುಕ್ಕಿ ಜಲಪಾತದ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿದ್ದವರು; ಬೆಳೆದದ್ದೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿ. ದೊಡ್ಡ ದೊಡ್ಡ ವಿಜ್ಞಾನ ಕೇಂದ್ರಗಳಲ್ಲಿ ಕಟ್ಟಡದಷ್ಟು ಎತ್ತರದ ಪರದೆಗಳಿರುತ್ತವಲ್ಲ, ಅವಕ್ಕೆಂದೇ ತ್ರೀಡಿ ಚಿತ್ರ ತೆಗೆಯುವುದು ಅವನ ಕಸುಬು. ಎರಡು ಕ್ಯಾಮೆರಾಗಳನ್ನು ಎರಡು ಕಣ್ಣುಗಳ ಹಾಗೆ ಜೋಡಿಸಿಕೊಂಡು, ಹಿಮದ ಗುಡ್ಡ, ಮರಳುಗಾಡು, ತಿಮಿಂಗಿಲ ಎಂದು ಅರ್ಧ ಆಯುಷ್ಯ ಲೋಕ ಸುತ್ತಿದ್ದ. ಈಗ ಹೊರದೇಶದ ಮ್ಯೂಸಿಯಂ ಒಂದಕ್ಕೆ ಕಾವೇರಿಯ ಚಿತ್ರ ಮಾಡುತ್ತಿದ್ದ. ತೆಗೆದದ್ದು ಸರಿ ಬಂದಿದೆಯೇ ಎಂದು ಲ್ಯಾಪ್‌ಟಾಪಿನಲ್ಲಿ ತಿಳಿಯುವುದಿಲ್ಲ, ದೊಡ್ಡ ಪರದೆಯೇ ಬೇಕು. ತ್ರೀಡಿ ಸಿನಿಮಾಗಳ ಹುಚ್ಚು ಹತ್ತಿದ್ದ ಕಾಲದಲ್ಲಿ ದೀಪಿಕಳ ಅಪ್ಪ ಆಸೆಪಟ್ಟು ಹಾಕಿಸಿದ್ದ ಬೆಳ್ಳಿಬಣ್ಣದ ಪರದೆ ಇನ್ನೂ ಇದೆ ಎಂದು ಮಳವಳ್ಳಿಯಲ್ಲಿ ಯಾರೋ ಅವನಿಗೆ ಹೇಳಿದ್ದರು.

ದೀಪಿಕ ಒಪ್ಪಿದಳು. ಬೆಳಗಿನ ಆಟಕ್ಕೆ ಜನ ಬರುವುದು ನಿಂತು ಎಷ್ಟೋ ಕಾಲವಾಗಿತ್ತು.

ದಿನವೂ ಸ್ವರೂಪ್ ಬರುತ್ತಿದ್ದ. ಖಾಲಿ ಟಾಕೀಸಿನ ನಡುಮಧ್ಯೆ ಕೂತು ಕಪ್ಪು ಕನ್ನಡಕ ಹಾಕಿಕೊಂಡು ನೀರು ನೋಡುತ್ತಿದ್ದ. ಬಾಗಿಲಲ್ಲೇ ನಿಲ್ಲುತ್ತಿದ್ದ ದೀಪಿಕ ಒಂದು ದಿನ ಹಿಂದಿನ ಸಾಲಿನಲ್ಲಿ ಕೂತಳು, ಇನ್ನೊಂದು ದಿನ ಅವನದೇ ಸಾಲಿನಲ್ಲಿ. ಮಾತು ಹೆಚ್ಚಿರಲಿಲ್ಲ. ಕನ್ನಡಕದೊಳಗಿಂದ ಅವಳು ಪರದೆ ಬಿಟ್ಟು ತನ್ನನ್ನು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಗುತ್ತಿತ್ತು. ಅವನು ತಿರುಗಿದರೆ ಅವಳು ಜಲಪಾತವನ್ನು ಬಹಳ ಗಂಭೀರವಾಗಿ ನೋಡುವಳು.

ಹಾಗೆ ಕೂತಾಗಲೇ ಒಮ್ಮೆ ತನ್ನ ಕತೆ ಹೇಳಿದಳು. ಮದುವೆಯಾದ ಮೇಲೆ ಗಂಡ ದುಬೈಗೆ ಹೋದ. ಇವತ್ತು ಬರುತ್ತಾನೆ, ಯುಗಾದಿಗೆ ಬರುತ್ತಾನೆ ಎಂದು ಕಾದಳು. ಬಂದದ್ದು ವಿಚ್ಛೇದನದ ನೋಟಿಸು. ಆಮೇಲೆ ಅಪ್ಪನೂ ತೀರಿಕೊಂಡರು. ಹಿಡಿದುಕೊಂಡಿರಲು ಬೇರೇನೂ ಇಲ್ಲದ್ದಕ್ಕೆ ಈ ಟಾಕೀಸನ್ನು ಹಿಡಿದುಕೊಂಡಿದ್ದೇನೆ ಎಂದಳು. ಸ್ವರೂಪ್ ಸಮಾಧಾನ ಹೇಳಲು ಹೋಗಲಿಲ್ಲ. ತನಗೂ ಪೆಟ್ಟಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಸಾಕಾಗಿದೆ ಎಂದ.

ಒಂದು ಸೋಮವಾರ ಅವನು ಚಿತ್ರ ತೆಗೆಯಲು ಹೊರಟಾಗ ಅವಳೂ ಗಗನಚುಕ್ಕಿಗೆ ಹೋದಳು. ಎಷ್ಟು ದೂರದಲ್ಲಿ ಏನಿದೆ ಎಂದು ನೋಡಿ ಕ್ಯಾಮೆರಾಗಳನ್ನು ಹೊಂದಿಸಲು ಯಾರಾದರೂ ಕಂಬಿಯ ಹತ್ತಿರ ನಿಲ್ಲಬೇಕಿತ್ತು, ಅವಳು ನಿಂತಳು. ಕೆಳಗಿನಿಂದ ಎದ್ದ ತುಂತುರು ಕೂದಲಿಗೆ ಹತ್ತಿಕೊಂಡಿತು. ಸಾಕಾ ಎಂದು ಕೇಳಿದಾಗಲೆಲ್ಲ ಅವನು ಇನ್ನೊಂದು ನಿಮಿಷ ಎನ್ನುತ್ತಿದ್ದ. ಕಾಲು ನೋಯತೊಡಗಿತ್ತು, ಆದರೂ ಅವಳಿಗೆ ಅಲ್ಲಿಂದ ಕದಲುವ ಮನಸ್ಸಾಗಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಾಗ ಸುದ್ದಿ ಬಂತು. ಆ ಮ್ಯೂಸಿಯಂ ತನ್ನ ದೊಡ್ಡ ಪರದೆಯ ಚಿತ್ರಮಂದಿರವನ್ನೇ ಮುಚ್ಚುತ್ತಿತ್ತು; ಕಾವೇರಿಯ ಚಿತ್ರ ಇನ್ನು ಬೇಡ. ಅದೇ ವಾರ ದಕ್ಷಿಣ ಅಮೆರಿಕದಿಂದ ಕರೆ ಬಂತು. ಬೇರೆಯವರ ಚಿತ್ರಕ್ಕೆ ಕ್ಯಾಮೆರಾ ಜೋಡಿಸಿಕೊಡುವ ಕೆಲಸ, ಮುಗಿಯಲು ಮೂರು ವರ್ಷವಾದರೂ ಬೇಕು.

ಮರುದಿನ ಬೆಳಿಗ್ಗೆ ಅವನು ಇದನ್ನೆಲ್ಲ ದೀಪಿಕಳಿಗೆ ಹೇಳಿದ. ಅವಳು ಸರಿ ಎಂದಳು, ಅಷ್ಟೇ. ಉಳಿದ ಮಾತಿಗೆ ಮೊದಲು ಒಂದು ತುಣುಕು ನೋಡಬೇಕು ಎಂದು ಅವನು ಬಾಬು ಜಾನ್ ಕಡೆಗೆ ಕೈ ಎತ್ತಿದ.

ದೀಪ ಆರಿತು. ಪರದೆಯ ತುಂಬ ದೀಪಿಕಳ ಮುಖ ಬಂತು. ಹಿಂದೆ ಬಹಳ ದೂರದಲ್ಲಿ ನೀರು, ಮುಂದೆ ಕೈಗೆಟುಕುವಷ್ಟು ಹತ್ತಿರದಲ್ಲಿ ಅವಳು. ರೆಪ್ಪೆಯ ಮೇಲೆ ತುಂತುರಿನ ಹನಿ. ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು, ಕ್ಯಾಮೆರಾದ ಹಿಂದಿದ್ದವನನ್ನು ನೋಡುತ್ತಿದ್ದಳು. ತಾನು ಹೀಗೆ ನೋಡುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು.

"ಇದು ಸಿನಿಮಾಕ್ಕಾ?"

"ಅಲ್ಲ."

"ಮತ್ಯಾಕೆ ತೆಗೆದ್ರಿ?"

ಸ್ವರೂಪ್ ತಡವರಿಸಿದ. ಅಷ್ಟು ದೊಡ್ಡ ಪರದೆಗೆ ಮನುಷ್ಯರ ಮುಖವನ್ನು ಇಷ್ಟು ಹತ್ತಿರದಿಂದ ತೆಗೆಯುವುದಿಲ್ಲ, ನೋಡುವವರ ಕಣ್ಣಿಗೆ ಭಾರವಾಗುತ್ತದೆ ಎಂದ. "ಇಷ್ಟು ವರ್ಷದಲ್ಲಿ ಒಂದು ಮುಖಾನೂ ತೆಗೆದಿಲ್ಲ ನಾನು. ಅವತ್ತು ಆಫ್ ಮಾಡೋಕೆ ಆಗ್ಲಿಲ್ಲ."

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. "ಎಷ್ಟು ಸುಸ್ತಾದೋಳ ತರ ಕಾಣ್ತೀನಿ."

"ಸುಸ್ತಾದ ಮುಖಾನ ದಿನಾ ಕನ್ನಡೀಲಿ ನೋಡ್ತೀನಿ. ನಿಮ್ದು ಅಷ್ಟು ಕೆಟ್ಟದಾಗಿಲ್ಲ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. "ಹೋಗ್ತೀನಿ ಅಂದ್ರೆ ಹೋಗ್ಬುಡಿ, ತಡೆಯಲ್ಲ. ಆದ್ರೆ ಕಾಯ್ತಿರು ಅಂತ ಮಾತ್ರ ಹೇಳ್ಬೇಡಿ. ಒಂದ್ಸಲ ಕಾದು ಸಾಕಾಗೋಗಿದೆ."

"ಕಾಯೋಕೆ ಹೇಳಲ್ಲ. ಇಲ್ಲೇ ಇರ್ಲಾ ಅಂತ ಕೇಳೋಣ ಅಂತ ಬಂದೆ."

ದೀಪಿಕ ಅವನ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಅವನ ಭುಜಕ್ಕೆ ತಲೆ ಆನಿಸಿದಳು. ಮೇಲಿನ ಕೋಣೆಯಲ್ಲಿದ್ದ ಬಾಬು ಜಾನ್ ತುಣುಕು ಮುಗಿದರೂ ದೀಪ ಹಾಕಲಿಲ್ಲ.

ಕಾವೇರಿಯ ಚಿತ್ರವನ್ನು ಇದ್ದಷ್ಟಕ್ಕೆ ಜೋಡಿಸಿ, ಪಟ್ಟಲಮ್ಮ ಟಾಕೀಸಿನಲ್ಲೇ ಒಂದು ವಾರ ತೋರಿಸಿದರು. ಊರಿನವರು ಮಕ್ಕಳನ್ನು ಎತ್ತಿಕೊಂಡು ಬಂದರು. ಅದಾದ ಮೇಲೆ ದೀಪಿಕ ತಾನಾಗಿಯೇ ಟಾಕೀಸನ್ನು ಮಾರಿದಳು. ಬೇಸರವಾಯಿತು, ಆದರೆ ಹೆದರಿಕೆಯಾಗಲಿಲ್ಲ ಎಂದು ಆಮೇಲೆ ಹೇಳಿದಳು. ಬಸರಾಳಿನ ಹಳೆಯ ಕಲ್ಲುಗುಡಿಯನ್ನು ಶಾಲಾ ಮಕ್ಕಳಿಗಾಗಿ ತ್ರೀಡಿಯಲ್ಲಿ ತೆಗೆದುಕೊಡುವ ಸಣ್ಣ ಕೆಲಸ ಸ್ವರೂಪನಿಗೆ ಸಿಕ್ಕಿತು.

ಮಂಡ್ಯದಲ್ಲಿ ರಿಜಿಸ್ಟರ್ ಮದುವೆಯಾದರು. ಬಾಬು ಜಾನ್ ಸಾಕ್ಷಿ ಸಹಿ ಹಾಕಿ ಮಗಳ ಮನೆಗೆ ಹೋದ. ಇವರಿಬ್ಬರೂ ಹೂವಿನ ಹಾರಗಳನ್ನು ಚೀಲಕ್ಕೆ ತುಂಬಿಕೊಂಡು ಮದ್ದೂರಿಗೆ ಬಸ್ಸು ಹತ್ತಿದರು. ಸೀಟು ಸಿಕ್ಕಿತು. ಕಬ್ಬಿನ ಗದ್ದೆಗಳ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಮಂಡ್ಯ ದಾಟುವ ಮೊದಲೇ ಒಬ್ಬರ ಮೇಲೊಬ್ಬರು ಒರಗಿಕೊಂಡು ನಿದ್ದೆಹೋದರು.

ಕಂಡಕ್ಟರ್ ಬಂದು ಎಬ್ಬಿಸಿದಾಗ ಹೊರಗೆ ಚನ್ನಪಟ್ಟಣ.

"ಮದ್ದೂರು ಆಗ್ಲೇ ಓಯ್ತು ಕಣಮ್ಮ. ಎಷ್ಟ್ ಕೂಗ್ದೆ, ಇಬ್ರೂ ಏಳ್ನಿಲ್ಲ."

ಸ್ವರೂಪ್ ಗಾಬರಿಯಿಂದ ಎದ್ದು ಚೀಲಕ್ಕೆ ಕೈ ಹಾಕಿದ. ದೀಪಿಕ ಅವನ ಕೈ ಹಿಡಿದು ಕೂರಿಸಿದಳು. ಮುಂದಿನ ಸ್ಟಾಪಿಗೆ ಇನ್ನೆರಡು ಟಿಕೆಟ್ ಕೊಡಿ ಎಂದು ಕಂಡಕ್ಟರಿಗೆ ಹೇಳಿ, ಮತ್ತೆ ಕಣ್ಣು ಮುಚ್ಚಿದಳು.

"ಇನ್ನೊಂದ್ ಸ್ವಲ್ಪ ಮಲಗಿರಿ," ಎಂದಳು.