ಪರದೆಗೆ ಬಳಿದ ಕಪ್ಪು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಯ ಹೆಡ್‌ಮಾಸ್ಟರ್ ಠಾಣೆಗೆ ಬಂದರು. ಜೊತೆಯಲ್ಲಿ ಟೈ ಕಟ್ಟಿದ ಯುವಕನೊಬ್ಬ, ಶಾಲೆಗಳಿಗೆ ಪಾಠದ ಡಿಜಿಟಲ್ ಪರದೆ ಒದಗಿಸುವ ಕಂಪನಿಯ ಪ್ರತಿನಿಧಿ. ದೂರುದಾರರು ಹೆಡ್‌ಮಾಸ್ಟರ್. ಮಾತಾಡಿದ್ದೆಲ್ಲ ಆ ಯುವಕನೇ.

"ಏಳನೇ ತರಗತಿಯ ಪರದೆಗೆ ಯಾರೋ ಕಪ್ಪು ಬಣ್ಣ ಬಳಿದಿದ್ದಾರೆ ಸಾರ್. ಅದು ಕಂಪನಿಯ ಆಸ್ತಿ."

"ಶಾಲೆಗೆ ಕೊಟ್ಟಿದ್ದಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಬಳಸೋಕೆ ಕೊಟ್ಟಿದೀವಿ. ಕೊಟ್ಟುಬಿಟ್ಟಿಲ್ಲ."

"ಹಾಗಾದ್ರೆ ಇವರು ಯಾಕೆ ಬಂದಿದಾರೆ?"

ಹೆಡ್‌ಮಾಸ್ಟರ್ ನೆಲ ನೋಡುತ್ತ ಹೇಳಿದರು: "ಗೋಡೆ ನಮ್ದು ಸಾರ್."

FIR ದಾಖಲಾಯಿತು. ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಕಾನ್‌ಸ್ಟೇಬಲ್ ಹತ್ತೂಕಾಲಿಗೆ ಶಾಲೆ ತಲುಪಿದರು.

ಕೋಣೆಯಲ್ಲಿ ನಾಲ್ಕು ಸಾಲು ಬೆಂಚು. ಹಳೆಯ ಕಪ್ಪುಹಲಗೆಯನ್ನು ಕಿತ್ತ ಜಾಗದಲ್ಲೇ ಪರದೆ ಕೂತಿತ್ತು. ಅದರ ನೆತ್ತಿಯಲ್ಲಿ, ಪಾಠ ಓಡುವಾಗಷ್ಟೇ ಯಾವ ಮಗು ಎತ್ತ ನೋಡುತ್ತದೆ ಎಂದು ಲೆಕ್ಕ ಹಾಕುವ ಪುಟ್ಟ ಕ್ಯಾಮೆರಾ. ಪಂಚರ ಮುಂದೆ ಪಂಚನಾಮೆ ನಡೆಯಿತು. ಬೀಗ ಒಡೆದಿಲ್ಲ. ಗಾಜಿಗೆ ಗೀರಿಲ್ಲ. ಅಂಚಿಗೆ ಟೇಪು ಅಂಟಿಸಿ ಬಣ್ಣ ಬಳಿದಿದ್ದಾರೆ, ನೆಲಕ್ಕೆ ಒಂದು ಹನಿಯೂ ಬಿದ್ದಿಲ್ಲ. ಇನ್‌ಸ್ಪೆಕ್ಟರ್ ಬೆರಳಿನಿಂದ ಪರದೆಯನ್ನು ಸವರಿದರು. ಬೆರಳಿಗೆ ಬಿಳಿ ಪುಡಿ ಹತ್ತಿತು.

"ಸೀಮೆಸುಣ್ಣ ತಿಕ್ಕಿ ಒರೆಸಿದಾರೆ ಸಾರ್," ದಫೇದಾರ ಹೇಳಿದ. "ನಮ್ಮ ಶಾಲೇಲೂ ಹೊಸ ಬೋರ್ಡಿಗೆ ಹೀಗೇ ಮಾಡ್ತಿದ್ರು. ಇಲ್ದಿದ್ರೆ ಮೊದಲು ಬರೆದದ್ದು ಅಳಿಸೋದೇ ಇಲ್ಲ."

"ಹಾಳು ಮಾಡೋಕೆ ಬಂದವನಿಗೆ ಇಷ್ಟು ತಾಳ್ಮೆ ಇರಲ್ಲ. ಯಾರೋ ಬರೆಯೋಕೆ ಬಂದಿದಾರೆ," ಎಂದ ಇನ್‌ಸ್ಪೆಕ್ಟರ್ ಹೆಡ್‌ಮಾಸ್ಟರ್ ಕಡೆ ತಿರುಗಿದರು. "ಈ ಕೋಣೆ ಕೀಲಿ ಯಾರ ಹತ್ರ ಇರತ್ತೆ?"

"ಗಣಿತದ ಮಿಸ್ ಹತ್ರ. ಆದ್ರೆ ಅವರಾಗಿರೋಕೆ ಸಾಧ್ಯವೇ ಇಲ್ಲ ಸಾರ್. ಆ ಪರದೇಲಿ ಪಾಠ ಮಾಡೋದೇ ಅವರು."

ಪ್ರತಿನಿಧಿ ಹೆಮ್ಮೆಯಿಂದ ವಿವರಿಸಿದ. ಕಂಪನಿ ನೂರಾರು ಶಾಲೆ ಸುತ್ತಿ ಅತ್ಯುತ್ತಮ ಶಿಕ್ಷಕಿಯೆಂದು ಇವರನ್ನೇ ಆರಿಸಿತ್ತು. ವರ್ಷದ ಗಣಿತವನ್ನೆಲ್ಲ ಚಿತ್ರೀಕರಿಸಿಕೊಂಡಿತ್ತು. ಈಗ ಎಲ್ಲ ಶಾಲೆಗಳಲ್ಲೂ ಓಡುವುದು ಅದೇ.

"ಇವರ ಕ್ಲಾಸಲ್ಲೂ?"

"ಇಲ್ಲೂ ಅದೇ ಸಾರ್. ಎಲ್ಲರಿಗೂ ಒಂದೇ ಗುಣಮಟ್ಟ."

"ಆಗ ಇವರೇನು ಮಾಡ್ತಾರೆ?"

"ಹಿಂದಿನ ಬೆಂಚಲ್ಲಿ ಕೂತು ಗದ್ದಲ ಆಗದಂತೆ ನೋಡ್ಕೋತಾರೆ."

ಇವತ್ತು ಯಾವ ಪಾಠವಿತ್ತು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಶೇಕಡಾ ಲೆಕ್ಕವೇ ಮತ್ತೊಮ್ಮೆ, ಮೊದಲು ಪಾಠ, ಆಮೇಲೆ ಎಲ್ಲರಿಗೂ ಮರುಪರೀಕ್ಷೆ. ಪ್ರತಿನಿಧಿ ತನ್ನ ಟ್ಯಾಬಿನಲ್ಲಿ ಅದನ್ನು ಹಾಕಿ ತೋರಿಸಿದ. ಮುಖಕ್ಕೆ ಪೌಡರ್ ಹಚ್ಚಿದ ನಡುವಯಸ್ಸಿನ ಹೆಂಗಸು ನಗುತ್ತ ಹೇಳುತ್ತಿದ್ದಳು: "ತೊಟ್ಟಿಯಲ್ಲಿ ನೂರು ಲೀಟರ್ ನೀರಿದೆ. ಶೇಕಡಾ ಇಪ್ಪತ್ತು ಹೆಚ್ಚಿಸೋಣ. ಆಮೇಲೆ ಶೇಕಡಾ ಇಪ್ಪತ್ತು ಕಡಿಮೆ ಮಾಡೋಣ. ಮತ್ತೆ ನೂರೇ ಲೀಟರ್!" ಟಿಣ್ ಎಂದು ಸಂಗೀತ ಬಂದು ಮುಂದಿನ ಲೆಕ್ಕ ಶುರುವಾಯಿತು.

ಇನ್‌ಸ್ಪೆಕ್ಟರ್ ಅಂಗೈ ಮೇಲೆ ಬೆರಳಾಡಿಸಿದರು. ಹೆಚ್ಚಿಸಿದರೆ ನೂರಿಪ್ಪತ್ತು. ನೂರಿಪ್ಪತ್ತರಲ್ಲಿ ಶೇಕಡಾ ಇಪ್ಪತ್ತು ಅಂದರೆ ಇಪ್ಪತ್ತನಾಲ್ಕು. ಉಳಿಯುವುದು ತೊಂಬತ್ತಾರು.

"ಇದು ತಪ್ಪಲ್ವೇನ್ರೀ?"

"ನಲವತ್ತು ಸಾವಿರ ಮಕ್ಕಳು ನೋಡಿದಾರೆ ಸಾರ್. ಒಬ್ಬರೂ ದೂರು ಕೊಟ್ಟಿಲ್ಲ."

ಏಳನೇ ತರಗತಿಯ ಮಕ್ಕಳನ್ನು ವರಾಂಡದಲ್ಲಿ ಕೂರಿಸಿದ್ದರು. ಕಾನ್‌ಸ್ಟೇಬಲ್ ಅದೇ ಲೆಕ್ಕ ಕೇಳಿದಳು. "ನೂರು!" ಎಂದು ಎಲ್ಲರೂ ಕೂಗಿದರು. ಕೊನೆಯಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ತುಟಿ ಅಲ್ಲಾಡಿಸಲಿಲ್ಲ.

"ನೀನು ಹೇಳು ಪುಟ್ಟಿ."

ಉತ್ತರ ಕೊಟ್ಟಿದ್ದು ಪಕ್ಕದವಳು. "ಅವಳು ಹೋದ ಸಲ ತೊಂಬತ್ತಾರು ಅಂತ ಬರೆದ್ಲು ಮೇಡಂ. ಪರದೆ ಸೊನ್ನೆ ಕೊಡ್ತು. ನಿಧಾನದ ಗುಂಪಿಗೆ ಹಾಕಿದ್ರು. ಈಗ ಅವಳಿಗೆ ಐದನೇ ಕ್ಲಾಸಿನ ಕೂಡೋ ಲೆಕ್ಕ."

ಹುಡುಗಿ ತಲೆ ತಗ್ಗಿಸಿದಳು. "ನೂರು," ಎಂದಳು ಮೆಲ್ಲಗೆ.

ಗಣಿತದ ಮಿಸ್ ಶಿಕ್ಷಕರ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಕೈ ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಬಚ್ಚಿಡಲೂ ಇಲ್ಲ ಅವರು.

"ನಿನ್ನೆ ಎಲ್ಲಿದ್ರಿ?"

"ಇಲ್ಲೇ. ಎರಡು ಸಲ ಬಳಿದೆ. ಮಧ್ಯೆ ಒಣಗೋಕೆ ಬಿಟ್ಟು ಮನೆಗೆ ಹೋಗಿ ಬಟ್ಟೆ ಒಗೆದು ಬಂದೆ."

"ಬಣ್ಣ?"

"ಉಗ್ರಾಣದಲ್ಲಿ ಹಳೇ ಬೋರ್ಡಿನ ಡಬ್ಬ ಉಳಿದಿತ್ತು."

"ಗಣಿತದ ಟೀಚರ್ ನೀವು. ಆ ಲೆಕ್ಕ ತಪ್ಪು ಹೇಳಿದ್ದು ಹೇಗೆ?"

"ಬೇಕಂತ್ಲೇ ಹೇಳಿದ್ದು. ಕೆಲಸಕ್ಕೆ ಸೇರಿದಾಗಿಂದ ಹಾಗೇ ಮಾಡ್ತೀನಿ. ತಪ್ಪು ಹೇಳಿ ಸುಮ್ನೆ ನಿಂತ್ಕೋತೀನಿ. ಯಾವುದಾದ್ರೂ ಮಗು 'ಮಿಸ್, ತಪ್ಪು!' ಅಂತ ಕೂಗತ್ತೆ. ಕೂಗಿದವರ ಕೈಗೆ ಸೀಮೆಸುಣ್ಣ ಕೊಡ್ತೀನಿ. ಕ್ಯಾಮೆರಾ ಮುಂದೇನೂ ಹಾಗೇ ನಿಂತೆ. ಅಲ್ಲಿ ಮಕ್ಕಳಿರಲಿಲ್ಲ, ಆಮೇಲೆ ನಾನೇ ಸರಿ ಮಾಡಿ ತೋರಿಸಿದೆ. ಪಾಠ ಉದ್ದ ಆಯ್ತು ಅಂತ ಅದನ್ನೇ ಕತ್ತರಿಸಿದ್ರು."

"ತಿದ್ದುಪಡಿ ಮುಂದಿನ ವರ್ಷದ ಆವೃತ್ತಿಲಿ ಬರತ್ತೆ," ಬಾಗಿಲಲ್ಲಿ ನಿಂತಿದ್ದ ಪ್ರತಿನಿಧಿ ನಡುವೆ ಬಾಯಿ ಹಾಕಿದ.

"ನೀನು ಬಾಯಿ ಮುಚ್ಕೊಂಡು ಆಚೆ ನಿಲ್ಲು," ಎಂದು ಇನ್‌ಸ್ಪೆಕ್ಟರ್ ಗದರಿದರು. ಮತ್ತೆ ಮಿಸ್ ಕಡೆ ತಿರುಗಿದರು. "ಕ್ಲಾಸಲ್ಲೇ ಅದು ತಪ್ಪು ಅಂತ ಹೇಳಬಹುದಿತ್ತಲ್ಲ?"

"ಹೇಳಿದೆ. 'ಅಲ್ಲಿ ನೀವೇ ಹೇಳ್ತಿದೀರಲ್ಲ ಮಿಸ್' ಅಂದ್ರು ಮಕ್ಕಳು. ಪರದೆ ಬಿಟ್ಟು ನನ್ನನ್ನ ನಂಬಿದ್ದು ತೊಂಬತ್ತಾರು ಅಂತ ಬರೆದ ಆ ಹುಡುಗಿಯೊಬ್ಳೇ." ಅವರು ಉಗುರು ಕೆರೆದುಕೊಂಡರು. "ಶುಕ್ರವಾರ ಹತ್ರ ಬಂದು ಕಿವೀಲಿ ಕೇಳಿದ್ಲು. 'ಮಿಸ್, ಸೋಮವಾರ ನೂರು ಅಂತ ಬರೆದುಬಿಡ್ಲಾ?' ಅಂತ."

"ನೀವೇನಂದ್ರಿ?"

"ಬರಿ ಅಂದೆ." "ಅವತ್ತು ಸಂಜೇನೇ ಉಗ್ರಾಣಕ್ಕೆ ಹೋಗಿ ಡಬ್ಬ ಹುಡುಕಿದೆ ಸಾರ್."

ಇನ್‌ಸ್ಪೆಕ್ಟರಿಗೆ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ. ಪೆನ್ನಿನ ಮುಚ್ಚಳವನ್ನು ಪಟ್ಟೆಂದು ಹಾಕಿದರು. ದೂರಿಗೆ ಸಹಿ ಬಿದ್ದಿತ್ತು, ಆರೋಪಿ ಒಪ್ಪಿಕೊಂಡಾಗಿತ್ತು. ತಪ್ಪು ಪಾಠ ಕಲಿಸಿದ್ದಕ್ಕೆ ಹಾಕುವ ಕೇಸು ಕಾನೂನಿನಲ್ಲಿ ಇರಲಿಲ್ಲ. ಪರದೆಗೆ ಬಣ್ಣ ಬಳಿದದ್ದಕ್ಕೆ ಇತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಬಂಧನವಾಯಿತು.

ಜೀಪು ಹತ್ತುವ ಮುಂಚೆ ಮಿಸ್ ವರಾಂಡದ ಕಡೆ ತಿರುಗಿದರು.

"ಮಕ್ಕಳೇ, ತೊಟ್ಟೀಲಿ ನೂರು ಲೀಟರ್. ಶೇಕಡಾ ಇಪ್ಪತ್ತು ಏರಿಸಿ, ಇಪ್ಪತ್ತು ಇಳಿಸಿದೆ. ಮತ್ತೆ ನೂರೇ ಅಲ್ವಾ?"

"ಹೌದು ಮಿಸ್!"

ಅವರು ಸುಮ್ಮನೆ ನಿಂತರು. ದಫೇದಾರ ಎಂಜಿನ್ ಚಾಲೂ ಮಾಡಹೋದ. ಕಾನ್‌ಸ್ಟೇಬಲ್ ಅವನ ಕೈ ಹಿಡಿದಳು. ಆ ಹುಡುಗಿ ಬಾಯಿ ತೆರೆದಳು. ಪ್ರತಿನಿಧಿಯ ಕೈಯಲ್ಲಿದ್ದ ಟ್ಯಾಬ್ ನೋಡಿ ಮುಚ್ಚಿಕೊಂಡಳು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶದ ಬಗ್ಗೆ ಇನ್‌ಸ್ಪೆಕ್ಟರ್ ಬರೆದದ್ದು ಇಷ್ಟು: "ಆರೋಪಿಯು ತಾನು ಹೇಳಿದ ತಪ್ಪನ್ನು ಯಾರಾದರೂ ತಪ್ಪು ಎನ್ನಲಿ ಎಂದು ಕಾದಿದ್ದರು."

ಸಂಜೆಯೊಳಗೆ ಕಂಪನಿ ಹೊಸ ಪರದೆ ತಂದು ಕೂರಿಸಿತು. ಪರೀಕ್ಷೆ ಮರುದಿನ ನಡೆಯಿತು. ಹುಡುಗಿಗೆ ಪೂರ್ತಿ ಅಂಕ ಬಂತು. ನಿಧಾನದ ಗುಂಪಿನಿಂದ ಅವಳ ಹೆಸರನ್ನು ತೆಗೆದರು.