ಬರಿಗಾಲಿನ ಅಳತೆ

ಹೊಸ ಅಡುಗೆಮನೆಯಲ್ಲಿ ಅವಳು ಬರಿಗಾಲಲ್ಲಿ ನಿಂತು ಈರುಳ್ಳಿ ಹೆಚ್ಚಲು ಚಾಕು ಎತ್ತಿದಳು. ಭುಜ ಕಿವಿಯ ಹತ್ತಿರಕ್ಕೆ ಬಂತು. ಮರದ ಕಟ್ಟೆ ನಾಲ್ಕು ಬೆರಳಿನಷ್ಟು ಎತ್ತರವಾಗಿಬಿಟ್ಟಿತ್ತು. ತಕ್ಷಣ ಬಡಗಿಗೆ ಫೋನ್ ಹೋಯಿತು.

"ಅಳತೆ ತಗೊಳ್ಳೋಕೆ ಬರುತ್ತೋ ಇಲ್ವೋ ನಿಮಗೆ?"

ಮಕ್ಕಳ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಅವಳಿಗೆ ಜೊತೆಯವರು ಇಟ್ಟ ಹೆಸರು ಸೂಜಿಮೆಣಸು. ಗಾತ್ರಕ್ಕೂ ಸರಿ, ಖಾರಕ್ಕೂ ಸರಿ.

ಬಡಗಿ ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಬರಬೇಕಾದ ಆಳು, ಕಿವಿಯ ಮೇಲೆ ಪೆನ್ಸಿಲು. ಟೇಪು ಬಿಚ್ಚಿ ಕಟ್ಟೆಯನ್ನು ಅಳೆದ, ಅವಳ ಮೊಣಕೈ ನೋಡಿದ.

"ಸರಿಯಾಗೇ ಇದೆಯಲ್ಲ ಮೇಡಂ."

ಆಮೇಲೆ ಅವನ ನೋಟ ನಿಧಾನವಾಗಿ ಕೆಳಗಿಳಿದು ಅವಳ ಹೀಲ್ಸ್ ಮೇಲೆ ಕೂತಿತು. ಬೆಲ್ ಆದರೆ ಸಾಕು, ಮೊದಲು ಹೀಲ್ಸ್ ಹಾಕಿಕೊಂಡು ಆಮೇಲೆ ಬಾಗಿಲು ತೆಗೆಯುವುದು ಅವಳ ಅಭ್ಯಾಸ. ಇವತ್ತೂ ಹಾಗೇ ಆಗಿತ್ತು.

"ಓಹೋ! ಅಳತೆ ಕೊಟ್ಟ ದಿನವೂ ಇವನ್ನೇ ಹಾಕ್ಕೊಂಡಿದ್ರಾ?" ಅಂದವನು, ತನ್ನಷ್ಟಕ್ಕೆ ಎಂಬಂತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಗೊಣಗಿದ.

"ಏನಂದ್ರಿ?"

"ಏನಿಲ್ಲ. ಅವನ್ನ ಬಿಚ್ಚಿ ನಿಂತ್ಕೊಳ್ಳಿ. ಹೊಸ ಗುರುತು ಹಾಕಿ ಕೊಯ್ದು ಕೊಡ್ತೀನಿ."

ಅವಳ ಮುಖ ಕೆಂಪಾಯಿತು. "ಬೇಡ. ಹೀಲ್ಸ್ ಹಾಕ್ಕೊಂಡೇ ಅಡುಗೆ ಮಾಡ್ತೀನಿ."

ಮಾಡಿದಳು ಕೂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳಿಗೆ ಯಾರು ಹೇಳುವುದು? ಬಡಗಿ ಮಾತ್ರ 'ಡ್ರಾಯರ್ ಕಿರುಗುಟ್ಟುತ್ತಾ? ಬಾಗಿಲು ಉಜ್ಜುತ್ತಾ?' ಎಂದು ವಿಚಾರಿಸುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಕಿರುಗುಟ್ಟದ ಡ್ರಾಯರಿಗೂ ಎಣ್ಣೆ ಬಿಟ್ಟ. ಅವಳು ನಗು ತಡೆದುಕೊಂಡು ಚಹಾ ಕೊಟ್ಟಳು. 'ಮೇಡಂ' ಹೋಗಿ 'ಮೆಣಸು' ಬಂತು. ಅವಳಿಗೆ ಅದು ಬೇರೆ ಯಾರ ಬಾಯಲ್ಲೂ ಇಷ್ಟು ಸಿಹಿಯಾಗಿ ಕೇಳಿಸಿರಲಿಲ್ಲ.

ಒಂದು ಸಂಜೆ ಅವನು ಕೇಳಿದ. "ಮಕ್ಕಳ ಕೈ ಎಕ್ಸ್‌ರೇ ತೆಗೆದು ಏನು ನೋಡ್ತೀರಿ?"

"ಬೆರಳಿನ ಮೂಳೆಗಳ ತುದೀಲಿ ಸಣ್ಣ ಸಂದು ಇರುತ್ತೆ. ಅದು ಇರೋವರೆಗೂ ಬೆಳೆಯೋಕೆ ಜಾಗ. ಬೆಸೆದುಕೊಳ್ತೋ, ಅಲ್ಲಿಗೆ ಮುಗೀತು." ಅವಳು ಲೋಟ ತಿರುಗಿಸುತ್ತಾ ಕೂತಳು. "ನಮ್ಮಪ್ಪ-ಅಮ್ಮ ಇಬ್ಬರೂ ಉದ್ದ. ನನಗೆ ಚಿಕ್ಕಂದಿನಲ್ಲೇ ಥೈರಾಯ್ಡ್ ಹಾರ್ಮೋನ್ ಕಮ್ಮಿ ಇತ್ತು. ಎಲ್ಲರೂ 'ನಿಧಾನಕ್ಕೆ ಬೆಳೀತಾಳೆ ಬಿಡಿ' ಅಂದ್ರು. ಗೊತ್ತಾಗಿ ಮಾತ್ರೆ ಶುರು ಮಾಡೋ ಹೊತ್ತಿಗೆ ತಡವಾಗಿತ್ತು. ಸ್ವಲ್ಪ ಬೆಳೆದೆ, ಅಷ್ಟೆ."

"ನನಗೆ ಸಾಕಾಗುವಷ್ಟು ಬೆಳೆದಿದ್ದೀರಿ," ಅಂದ ಅವನು. ಹೇಳಿದ ಮೇಲೆ ಅವನ ಕಿವಿಯೂ ಕೆಂಪಾಯಿತು.

ಮುಂದಿನ ವಾರ ಮದುವೆಯ ಮಾತಿಗೆ ಅವನು ತಾಯಿಯನ್ನು ಕರೆತಂದ. ಅವರೂ ಎತ್ತರದ ಹೆಂಗಸು, ಮಾತು ಕಡ್ಡಿ ಮುರಿದಂತೆ.

"ಹುಡುಗಿ ಚೆನ್ನಾಗಿದ್ದೀಯ, ಸುಳ್ಳು ಹೇಳಲ್ಲ. ಆದ್ರೆ ನಮ್ಮ ಮನೇಲಿ ಕುಳ್ಳಗಿರೋರು ಒಬ್ಬರೂ ಇಲ್ಲಮ್ಮ. ನಾಳೆ ಮಕ್ಕಳು ನಿನ್ನ ಹಾಗೇ ಆದ್ರೆ?"

ಮಗ ಬಾಯಿ ತೆರೆದ. "ಅಮ್ಮಾ, ಅದು ವಂಶದಿಂದ ಬಂದಿದ್ದಲ್ಲ, ಅವರಿಗೆ—"

"ಸುಮ್ನಿರಿ," ಅಂದಳು ಅವಳು.

ಆ ಒಂದು ವಾಕ್ಯವನ್ನು ಅವನು ಮುಗಿಸಿದರೆ ಮದುವೆ ಗಟ್ಟಿ ಎಂದು ಅವಳಿಗೂ ಗೊತ್ತಿತ್ತು. ಆದರೆ ಅದು ಹೀಲ್ಸ್ ಹಾಕಿಕೊಂಡು ಗೆದ್ದಂತೆ. ಜೀವನವಿಡೀ ಬಿಚ್ಚದೆ ನಿಂತಿರಬೇಕಾಗುತ್ತದೆ.

"ಆದರೂ ಆಗಬಹುದು ಅಮ್ಮಾ. ಇಬ್ಬರ ಕಡೆಯಿಂದಲೂ ಬರೋ ಎಷ್ಟೋ ಜೀನುಗಳು, ಅದರ ಜೊತೆ ಹಾರ್ಮೋನು, ಊಟ, ಆರೋಗ್ಯ ಎಲ್ಲಾ ಸೇರಿ ಎತ್ತರ ಆಗೋದು. ಅಂದಾಜು ಹೇಳಬಹುದು, ಆಣೆ ಹಾಕೋಕಾಗಲ್ಲ. ಮಗು ಕುಳ್ಳಗಾದ್ರೆ ನಿಮ್ಮ ಮನೇಲಿ ಅದು ತಲೆ ತಗ್ಗಿಸಿ ಓಡಾಡಬಾರದು. ಅದಕ್ಕೆ ಒಪ್ಪಿಗೆ ಇದ್ರೆ ಮಾತ್ರ ಈ ಮದುವೆಗೆ ನನ್ನ ಒಪ್ಪಿಗೆ."

ತಾಯಿ ಲೋಟ ಕೆಳಗಿಟ್ಟು ಎದ್ದರು. ಮಗ ಹಿಂದೆಯೇ ಹೋದ. ಹೊಸ್ತಿಲಲ್ಲಿ ಒಮ್ಮೆ ತಿರುಗಿ ನೋಡಿದ, ತಲೆ ಬಗ್ಗಿಸಲು ಮರೆತು ಹಣೆ ಬಡಿಸಿಕೊಂಡ.

ಬಾಗಿಲು ಮುಚ್ಚಿದ ಮೇಲೆ ಅವಳು ಅತ್ತಳು. ಅವನು ಬೇಕಾಗಿತ್ತು ಅವಳಿಗೆ, ಉಸಿರು ಕಟ್ಟುವಷ್ಟು ಬೇಕಾಗಿತ್ತು. ಆದರೂ ಫೋನ್ ಮಾಡಲಿಲ್ಲ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಆ ವಾರವೆಲ್ಲ ಬೆಲ್ ಸದ್ದಾಗಲಿಲ್ಲ.

ಭಾನುವಾರ ಬೆಳಿಗ್ಗೆ ಸದ್ದಾಯಿತು. ಗರಗಸ ಹಿಡಿದು ಅವನು ನಿಂತಿದ್ದ, ಹಣೆಯ ಮೇಲೆ ಗಾಯದ ಕಲೆ.

"ಅಮ್ಮನಿಗೆ ನಿಮ್ಮ ಹಾರ್ಮೋನಿನ ವಿಷಯ ಹೇಳಲೇ ಇಲ್ಲ," ಅಂದ. "'ಮಕ್ಕಳು ಬಂದ ಹಾಗೆ ಬರಲಿ, ಅವಳಿಲ್ಲದೆ ನಾನಂತೂ ಮದುವೆ ಆಗಲ್ಲ' ಅಂದೆ. ನಾಲ್ಕು ದಿನ ಮಾತು ಬಿಟ್ಟಳು. ನಿನ್ನೆ ಊಟ ಬಡಿಸ್ತಾ ಹೇಳಿದಳು, 'ಹುಟ್ಟದ ಮೊಮ್ಮಗು ಪರವಾಗಿ ನನ್ನ ಹತ್ರಾನೇ ಜಗಳಕ್ಕೆ ನಿಂತಳಲ್ಲೋ! ಅಂಥವಳು ತಾಯಿಯಾದ್ರೆ ಮಗು ಎಷ್ಟೆತ್ತರ ಇದ್ರೇನು? ಕುಳ್ಳಗಿದ್ರೆ ಎತ್ತಿಕೊಳ್ಳೋಕೆ ನನ್ನ ಸೊಂಟಕ್ಕೂ ಸುಲಭ.'"

ಅವಳು ನಕ್ಕಳು, ಕಣ್ಣು ಒರೆಸಿಕೊಂಡಳು. ಆಮೇಲೆ ಅಡುಗೆಮನೆಗೆ ನಡೆದು ಹೀಲ್ಸ್ ಎರಡನ್ನೂ ಬಿಚ್ಚಿ ಮೂಲೆಗೆ ತಳ್ಳಿದಳು. ನೆಲ ತಣ್ಣಗಿತ್ತು. ಅವನ ಎದೆಯ ಗುಂಡಿಗಳ ಎತ್ತರಕ್ಕೆ ಅವಳ ಕಣ್ಣು ಬಂತು. ಅವಳು ಮುಖ ಎತ್ತಿ ನೋಡಿದಳು.

"ಈಗ ತಗೊಳ್ಳಿ ಅಳತೆ."

ಅವನು ಮೊಣಕಾಲೂರಿ ಕೂತು, ಅವಳ ಮೊಣಕೈ ಹಿಡಿದು ಟೇಪು ಇಳಿಬಿಟ್ಟ. ಕಟ್ಟೆಯ ಎಡಭಾಗದ ಕೆಳಗೆ ಅವಳ ಗುರುತು ಹಾಕಿದ. ಎದ್ದು ನಿಂತು, ಬಲಭಾಗದಲ್ಲಿ ತನ್ನ ಮೊಣಕೈಗೆ ಸರಿಯಾಗಿ, ಗೋಡೆಯ ಮೇಲೆ ಇನ್ನೊಂದು. ನಡುವಿನ ಹಲಗೆಗೆ ಪೆನ್ಸಿಲು ತಾಗಿಸಲೇ ಇಲ್ಲ, ಅದನ್ನು ಕಿವಿಗೆ ಸಿಕ್ಕಿಸಿ ಮತ್ತೆ ಮೊಣಕಾಲೂರಿ ಕೂತ.

"ಅದು?"

"ಅಲ್ಲಿ ನಿಲ್ಲೋರ ಅಳತೆ ಇನ್ನೂ ಬಂದಿಲ್ಲ."

ಸೂಜಿಮೆಣಸು ಅವನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕಸಿದುಕೊಂಡಳು. ಅವನು ಕೂತಿದ್ದರಿಂದ ಅದು ಸುಲಭವಾಗಿ ಸಿಕ್ಕಿತು.

"ಬಂದಾಗ ಅದನ್ನ ನಾನು ತಗೋತೀನಿ," ಅಂದಳು. "ಬರಿಗಾಲಲ್ಲಿ ನಿಲ್ಲಿಸಿ."