“ಏನೂ ಮಾಡಿಲ್ಲ” ಅಂದ ಅಜ್ಜಿ

“ಇನ್ನೊಂದು ಸುತ್ತು, ತೇತಾ! ಇನ್ನೊಂದೇ ಒಂದು!”

ಗೋಡೆಗೆ ಒರಗಿ ನಿಂತ ತಸ್ನೀಮ್, ತಾನು ‘ತೇತಾ’ ಎಂದು ಕರೆಯುವ ಅಜ್ಜಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು. ಆಸ್ಪತ್ರೆಯ ಕಾರಿಡಾರಿನ ಎರಡೂ ಕೊನೆಯಲ್ಲಿ ಕಿತ್ತಳೆ ಬಣ್ಣದ ಕೋನ್ ಇಟ್ಟಿದ್ದರು. ಅವೆರಡರ ನಡುವೆ ಆರು ನಿಮಿಷ ನಡೆಯಬೇಕು. ಅಜ್ಜಿ ಇನ್ಸಾಫ್ ನಾಲ್ಕನೇ ನಿಮಿಷಕ್ಕೇ ಕುರ್ಚಿಯಲ್ಲಿ ಕುಸಿದು ಕೂತರು.

ಅಜ್ಜಿಯ ಹೃದಯಕ್ಕೆ ಬಲ ಸಾಲದು. ಅದಕ್ಕೇ ಎರಡು ತಿಂಗಳಿಂದ ವಾರಕ್ಕೆ ಎರಡು ಸಲ ಈ ವ್ಯಾಯಾಮದ ಕ್ಲಾಸು. ಅಮ್ಮ ಬಟ್ಟೆ ಕಾರ್ಖಾನೆಯಿಂದ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಹಾಗಾಗಿ ಸ್ಕೂಲು ಮುಗಿಸಿ, ಅಜ್ಜಿಯನ್ನು ಟ್ರಾಮಿನಲ್ಲಿ ಕರೆತರುವುದು ತಸ್ನೀಮಳ ಕೆಲಸ. ಅವಳ ಕಣ್ಣು ಎಳೆಯುತ್ತಿತ್ತು. ಹೋಂವರ್ಕ್ ಇನ್ನೂ ಮುಟ್ಟಿರಲಿಲ್ಲ.

ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲಿದ್ದ ಶವ್ಕಿ ತಾತ ನಕ್ಕರು. ಅವರ ಹೃದಯಕ್ಕೂ ಇದೇ ಕಾಯಿಲೆ. “ನಾನು ಓಡಿಸ್ತಿದ್ದ ಹಳೇ ಟ್ರಾಮೂ ಇಷ್ಟು ಸ್ಟಾಪ್ ಕೊಡ್ತಿರಲಿಲ್ಲ ಕಣಮ್ಮಾ, ಇನ್ಸಾಫ್!”

“ನಿಮ್ಮ ಟ್ರಾಮು... ಹತ್ತಿದ್ದಕ್ಕೇ... ನನಗೆ ಈ ಕಾಯಿಲೆ ಬಂದದ್ದು!” ಅಜ್ಜಿ ಏದುಸಿರಿನಲ್ಲೇ ತಿರುಗಿ ಕೊಟ್ಟರು.

ವ್ಯಾಯಾಮ ಹೇಳಿಕೊಡುವ ಗಿಹಾನ್ ಮೇಡಂ ಮಾತ್ರ ನಗಲಿಲ್ಲ. ಊತವಿದೆಯೇ ಎಂದು ಅಜ್ಜಿಯ ಪಾದ ಒತ್ತಿ ನೋಡಿದರು. ನಾಡಿ ಹಿಡಿದರು.

“ಹೋದ ತಿಂಗಳಿಗಿಂತ ಕಡಿಮೆ ನಡೆದಿದ್ದೀರಿ ಅಮ್ಮಾ. ಮಾತ್ರೆ ತಗೊಂಡ್ರಾ?”

“ತಗೊಂಡೆ.”

“ಬೆಳಿಗ್ಗೆಯಿಂದ ಏನೇನು ಮಾಡಿದ್ರಿ?”

“ನಾನಾ? ಏನೂ ಇಲ್ಲ. ಮನೇಲೇ ಇದ್ದೆ.”

“ಏನೂ ಮಾಡದೇ ಇಷ್ಟು ಸುಸ್ತಾ? ಡಾಕ್ಟರಿಗೆ ಹೇಳ್ತೀನಿ. ಮತ್ತೆ ವಾರ್ಡಿಗೆ ಸೇರಿಸಬೇಕಾಗಬಹುದು.”

ವಾರ್ಡ್! ಹೋದ ಸಲ ಅಜ್ಜಿ ಹನ್ನೊಂದು ದಿನ ಅಲ್ಲಿದ್ದರು. ತಸ್ನೀಮ್ ಗೋಡೆ ಬಿಟ್ಟು ಮುಂದೆ ಬಂದಳು.

“ಸುಳ್ಳು, ಮೇಡಂ! ನಸುಕಿಗೇ ಎದ್ದು ಊಟಕ್ಕೆ ಅಂತ ಒಂದು ದೊಡ್ಡ ಪಾತ್ರೆ ತುಂಬ ಕೋಸಿನ ಎಲೇಲಿ ಅಕ್ಕಿ ಸುತ್ತಿಟ್ರು. ಬಟ್ಟೆ ಒಗೆದ್ರು. ಬಕೆಟ್ ಹೊತ್ಕೊಂಡು ಟೆರೇಸಿಗೆ ಹೋದ್ರು. ನಾನು ಸ್ಕೂಲಿಂದ ಬಂದಾಗ ನೆಲ ಒರೆಸ್ತಿದ್ರು!”

“ಸುಮ್ನಿರೇ ಹುಡುಗಿ!”

“ಬೆಡ್‌ಶೀಟೂ ಒಗೆದ್ರು. ನನ್ನ... ನನ್ನ ಯೂನಿಫಾರ್ಮೂ.” ತಸ್ನೀಮಳ ದನಿ ಇಳಿಯಿತು. ಶಾಯಿಯ ಕಲೆ ಆಯ್ತೆಂದು ನಿನ್ನೆ ರಂಪ ಮಾಡಿದವಳು ಅವಳೇ.

“ಇದಕ್ಕೆ ‘ಏನೂ ಇಲ್ಲ’ ಅಂತಾರಾ, ಅಮ್ಮಾ?” ಗಿಹಾನ್ ಮೇಡಂ ಕೇಳಿದರು.

“ಮನೆಗೆಲಸ ಕಣಮ್ಮಾ. ಅದೂ ಒಂದು ಕೆಲಸಾನಾ?”

ಶವ್ಕಿ ತಾತನ ಸೈಕಲ್ ನಿಂತಿತ್ತು. “ನಮ್ಮನೇಲೂ ನಾನು ಕಣ್ಣು ಬಿಡೋ ಹೊತ್ತಿಗೆ ಹೆಂಡ್ತಿ ಮಾಡಿದ ಚಹಾ ಕೈಗೆ ಬಂದಿರುತ್ತೆ,” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

“ಇನ್ಮೇಲೆ ದಿನಕ್ಕೆ ಒಂದೇ ಭಾರದ ಕೆಲಸ,” ಎಂದರು ಮೇಡಂ. “ಇಲ್ಲಿಗೆ ಬರೋ ದಿನ ಅದೂ ಬೇಡ. ಇವತ್ತು ಡಾಕ್ಟರ್ ಒಂದ್ಸಲ ನೋಡಲಿ. ಗುರುವಾರ ಮತ್ತೆ ನಡೆದು ನೋಡೋಣ.”

ಡಾಕ್ಟರು ನೋಡಿ, ಒಂದು ಮಾತ್ರೆ ಬದಲಿಸಿ, ಮನೆಗೆ ಕಳಿಸಿದರು.

ಟ್ರಾಮಿನಲ್ಲಿ ಅಜ್ಜಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತರು. “ಮನೆ ಮಾತನ್ನ ಬೀದಿಗೆ ತಂದ್ಯಲ್ಲ,” ಎಂದದ್ದು ಅಷ್ಟೇ.

ಅವರ ಮನೆ ಮೂರನೇ ಮಹಡಿಯಲ್ಲಿ. ಎರಡನೇ ಮಹಡಿ ಮುಟ್ಟಿದಾಗ ಅಜ್ಜಿ ನಿಂತರು. ಯಾವಾಗಲೂ ಅಲ್ಲಿ ನಿಂತು ಬೀಗದ ಕೈ ಹುಡುಕುತ್ತಾರೆ, ಇಲ್ಲವೇ ತಲೆವಸ್ತ್ರ ಸರಿಮಾಡಿಕೊಳ್ಳುತ್ತಾರೆ. ಇವತ್ತು ಯಾವುದನ್ನೂ ಮಾಡಲಿಲ್ಲ. ಮೆಟ್ಟಿಲ ಮೇಲೇ ಕೂತುಬಿಟ್ಟರು.

“ಸುಸ್ತಾಗಿದೆ, ತಸ್ನೀಮ್.”

ಅಜ್ಜಿಯ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಅಲ್ಲೇ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಅವಳೂ ಕೂತಳು. ಮೇಲಿನ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಇಳಿದು ಬರುತ್ತಿತ್ತು. ಅಜ್ಜಿಯ ಉಸಿರು ನಿಧಾನವಾಗಿ ತಹಬಂದಿಗೆ ಬಂತು.

“ಏಳೋಣ್ವಾ? ಯಾರಾದ್ರೂ ನೋಡಿದ್ರೆ ಏನಂದಾರು,” ಎಂದರು ಅಜ್ಜಿ.

“ನೋಡಲಿ ಬಿಡು, ತೇತಾ. ಇನ್ನೂ ಸ್ವಲ್ಪ ಹೊತ್ತು ಕೂರೋಣ,” ಎಂದಳು ತಸ್ನೀಮ್. “ನನಗೂ ಸುಸ್ತಾಗಿದೆ.”